ಮೇ ರಜೆಯ ಊಟದ ಸಾಲು

ಅನ್ವಿತಾ, ನಿಶಾಂತ, ನೀವು ಓಡಾಡಿ ಬೆಳೆದ ಡೊಂಬಿವಲಿಯ ಮನೆ ಈಗ ಇಲ್ಲ. ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ನಾವು ಠಾಣೆಯ ವರ್ತಕ ನಗರಕ್ಕೆ ಬಂದಿದ್ದೇವೆ. ಇಲ್ಲಿ ಲಿಫ್ಟು ಇದೆ, ನೀರು ಇಡೀ ದಿನ ಬರುತ್ತದೆ, ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಆ ಮನೆಯ ಅಡುಗೆಕೋಣೆ ಯಾವ ಕಡೆಗಿತ್ತು ಎಂದು ಮೊನ್ನೆ ಕೇಳಿದಾಗ ನೀವಿಬ್ಬರೂ ಮುಖ ಮುಖ ನೋಡಿಕೊಂಡಿರಿ. ನಿಶಾಂತನಿಗೆ ಟೀವಿ ಇದ್ದ ಗೋಡೆ ಮಾತ್ರ ನೆನಪಿದೆಯಂತೆ. ನನಗೆ ಸ್ವಲ್ಪ ಬೇಸರವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಕಾರ್ಕಳದ ಆಚೆಗಿನ ಹಳ್ಳಿಯ ಶಾಲೆಯಲ್ಲಿ ಕಲಿತವಳು, ದೊಡ್ಡ ದೊಡ್ಡ ಮಾತು ನನಗೆ ಬರುವುದಿಲ್ಲ. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದೆಂದರೆ ಮುಖ ಕೆಂಪಾಗುತ್ತದೆ. ಆದರೂ ಈ ಒಂದು ವಿಷಯವನ್ನು ನಾಚಿಕೆ ಬಿಟ್ಟು ಹೇಳಿಕೊಳ್ಳುತ್ತೇನೆ. ಕನ್ನಡ ಓದುವುದಕ್ಕೆ ಕಷ್ಟವಾದರೆ ನಿಮ್ಮ ಅಮ್ಮ ಓದಿ ಹೇಳಲಿ.

ನಮ್ಮದು ನೆಲಮಹಡಿಯ ಮನೆ. ರಸ್ತೆಗೆ ಮುಖ ಮಾಡಿದ ಹಾಲ್, ಅದರಲ್ಲೇ ನಿಮ್ಮ ಅಪ್ಪ ತಂದ ಊಟದ ಮೇಜು, ನಿಶಾಂತ ಹೇಳಿದ ಟೀವಿ. ಹಾಲಿನ ಹಿಂದೆ ಒಂದು ಮಲಗುವ ಕೋಣೆ, ಅದರ ಪಕ್ಕದಲ್ಲಿ ಅಡುಗೆಮನೆ. ಅಡುಗೆಮನೆಗೆ ಒಂದು ಹಿಂಬಾಗಿಲು ಇತ್ತು. ಆ ಬಾಗಿಲ ಆಚೆ, ನಮ್ಮ ಗೋಡೆಗೂ ಕಂಪೌಂಡಿಗೂ ನಡುವೆ, ಉದ್ದಕ್ಕೆ ಒಂದು ಓಣಿಯಂಥ ಜಾಗ. ಬಟ್ಟೆ ಒಣಗಿಸುವುದು, ಪಾತ್ರೆ ಕವುಚಿ ಹಾಕುವುದು, ನನ್ನ ಎರಡು ಬಸಳೆ ಬಳ್ಳಿ, ಎಲ್ಲಾ ಅಲ್ಲಿಯೇ. ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ನೆರಳು ಅಲ್ಲಿ ಬೀಳುತ್ತಿತ್ತು. ನಿಮ್ಮ ಅಪ್ಪ ಭಿವಂಡಿಯ ಗೋದಾಮಿಗೆ, ಅಮ್ಮ ಐರೋಲಿಯ ಆಫೀಸಿಗೆ ಬೆಳಿಗ್ಗೆ ಹೊರಟರೆ ಮತ್ತೆ ಕತ್ತಲಾಗುವ ತನಕ ಮನೆಯಲ್ಲಿ ನಾವು ಮೂವರೇ. ನಿಮ್ಮ ಅಜ್ಜ ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ ಆಯುಷ್ಯವೆಲ್ಲ ಕುಳಿತವರು, ಊರಿಗೆಲ್ಲ ಊಟ ಹಾಕಿಸಿದವರು. ಅವರು ತೀರಿಕೊಂಡ ಮೇಲೆ ನಾನು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಮದುವೆ ಮುಂಜಿಗೆ ಹೋದರೂ ಅಕ್ಷತೆ ಹಾಕಿ ಮನೆಗೆ ಬಂದು ಉಣ್ಣುತ್ತಿದ್ದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಜನರ ಸಾಲಿನಲ್ಲಿ ಒಬ್ಬಳೇ ಕುಳಿತು ಉಣ್ಣಲು ನನಗೆ ಸಂಕೋಚ, ಅಷ್ಟೇ. ಮನೆಯಲ್ಲಿಯೂ ಎಲ್ಲರದ್ದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ನನ್ನ ಗಂಜಿ ಉಣ್ಣುತ್ತಿದ್ದೆ.

ಗಂಜಿಯ ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದ್ದೆಲ್ಲ ಅದರಿಂದಲೇ ಆಯಿತು. ನಮ್ಮ ತಾಯಿಮನೆಯಲ್ಲಿ ಮಧ್ಯಾಹ್ನ ಕುಚ್ಚಲಕ್ಕಿಯ ಗಂಜಿ. ಅನ್ನ ಬಸಿಯುವುದಿಲ್ಲ, ತೆಳಿಯ ಜೊತೆಗೇ ಬಟ್ಟಲಿಗೆ ಹಾಕುವುದು. ಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ, ಇದ್ದ ದಿನ ಒಂದು ಹಪ್ಪಳ. ಗದ್ದೆಯಿಂದ ಬಂದ ಅಪ್ಪ, ಶಾಲೆಯಿಂದ ಓಡಿ ಬಂದ ನಾವು, ಸೌದೆ ಒಡೆಯಲು ಬಂದವನು, ಎಲ್ಲರಿಗೂ ಅದೇ. ನೆಂಟರು ಬಂದರೆ ಮಾತ್ರ ಅಮ್ಮ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ಬಸಿದು ಸಾರು ಮಾಡುತ್ತಿದ್ದಳು. ಹಾಗಾಗಿ ನನ್ನ ತಲೆಯಲ್ಲಿ ಅನ್ನ ಎಂದರೆ ಹೊರಗಿನವರಿಗೆ, ಗಂಜಿ ಎಂದರೆ ನಮ್ಮವರಿಗೆ. ಈ ಲೆಕ್ಕವನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದಿರಲೂ ಇಲ್ಲ. ನೀವು ಮಾತ್ರ ಗಂಜಿ ಮುಟ್ಟುತ್ತಿರಲಿಲ್ಲ. ಮೊದಲ ಸಲ ಬಟ್ಟಲು ಮುಂದಿಟ್ಟಾಗ ನಿಶಾಂತ ಅದರೊಳಗೆ ಬಗ್ಗಿ ನೋಡಿ ಕೇಳಿದ್ದ:

"ಅಜ್ಜಿ, ಯೇ ಕ್ಯಾ ಹೈ? ಪಾನೀವಾಲಾ ಚಾವಲ್?"

ನೀರು ಅನ್ನವೆಂದು ಅವನು ಹೆಸರಿಟ್ಟ ಮೇಲೆ ನಿಮಗೆ ಬೇರೆ ಅನ್ನ, ಬೇರೆ ಸಾರು, ಮೇಜಿನ ಮೇಲೆ. ನನಗೆ ಗಂಜಿ, ಒಳಗೆ.

ಎದುರಿನ ಖಾಲಿ ಜಾಗದಲ್ಲಿ ಆ ವರ್ಷ ದೊಡ್ಡ ಟವರಿನ ಕೆಲಸ ಹಿಡಿದಿದ್ದರು. ಕೆಲಸದವರೆಲ್ಲ ಕಲಬುರಗಿ, ವಿಜಯಪುರ ಕಡೆಯವರು. ಜಾಗದ ಒಂದು ಅಂಚಿಗೆ ತಗಡಿನ ಶೆಡ್ಡುಗಳನ್ನು ಹಾಕಿಕೊಂಡು ಇದ್ದರು. ಗಂಡ ಹೆಂಡತಿ ಇಬ್ಬರೂ ಇಟ್ಟಿಗೆ, ಸಿಮೆಂಟು ಹೊರಲು ಹೋದರೆ ಮಕ್ಕಳು ಮರಳಿನ ರಾಶಿಯ ಮೇಲೆ ಆಡುತ್ತಿದ್ದವು. ಮೇ ತಿಂಗಳ ಬಿಸಿಲು ಏರಿದ ಮೇಲೆ ಅವು ನಮ್ಮ ಹಿಂದಿನ ಓಣಿಯ ನೆರಳಿಗೆ ಬಂದು ಕೂರುತ್ತಿದ್ದವು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವುಗಳಲ್ಲಿ ದೊಡ್ಡವಳು ಭಾಗ್ಯಾ, ಅನ್ವಿತಾಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಸೊಂಟದ ಮೇಲೆ ಯಾವಾಗಲೂ ತಮ್ಮ ಶರಣು. ಒಂದು ದಿನ ಅವಳು ಒಂದು ಬಿಸ್ಕೆಟ್ ಪ್ಯಾಕೆಟ್ ಒಡೆದು ಒಂದೊಂದನ್ನೂ ಎರಡೆರಡು ಚೂರು ಮಾಡಿ ಎಲ್ಲರಿಗೂ ಹಂಚುತ್ತಿದ್ದಳು. ಎಲ್ಲರ ಕೈಗೂ ಒಂದೊಂದು ಚೂರು ಕೊಟ್ಟ ಮೇಲೆ ಪ್ಯಾಕೆಟ್ಟನ್ನು ಕೊಡವಿ ಪುಡಿಯನ್ನು ತನ್ನ ಅಂಗೈಗೆ ಹಾಕಿಕೊಂಡಳು. ನಾನು ಬಾಗಿಲು ತೆರೆದೆ.

"ಊಟ ಆಯ್ತಾ ಮಗಾ?"

"ಸಾಲಿ ಸೂಟಿ ಅದ ರೀ," ಎಂದಳು.

ಊಟ ಕೇಳಿದರೆ ಶಾಲೆಗೆ ರಜೆ ಎನ್ನುತ್ತಾಳಲ್ಲ ಎಂದುಕೊಂಡೆ. ಅವಳೇ ನನಗೆ ಬುದ್ಧಿಯಿಲ್ಲ ಎಂಬ ಹಾಗೆ ನೋಡಿ ಬಿಡಿಸಿ ಹೇಳಿದಳು:

"ಸಾಲ್ಯಾಗ ಖಿಚಡಿ ಕೊಡ್ತಾರ. ಸೂಟ್ಯಾಗ ಎಲ್ಲಿ ಕೊಡ್ತಾರ?"

ಅವರ ತಾಯಂದಿರು ಉಪವಾಸ ಕೆಡವಿ ಹೋಗುತ್ತಿದ್ದರು ಎಂದು ತಿಳಿಯಬೇಡಿ. ನಸುಕಿನಲ್ಲಿ ಎದ್ದು ಅನ್ನ ಮಾಡಿಟ್ಟೇ ಹೋಗುತ್ತಿದ್ದರು. ಆದರೆ ಮಕ್ಕಳು ಅದನ್ನು ಬೆಳಿಗ್ಗೆಯೇ ಮುಗಿಸಿಬಿಡುತ್ತಿದ್ದವು. ಮಿಕ್ಕಿದ್ದು ಕಾದ ತಗಡಿನ ಕೆಳಗೆ ಮಧ್ಯಾಹ್ನಕ್ಕೆ ಹಳಸಿ ಹೋಗುತ್ತಿತ್ತು. ಶಾಲೆ ಇರುವ ದಿನ ಮಧ್ಯಾಹ್ನ ಮುನ್ಸಿಪಾಲ್ಟಿ ಶಾಲೆಯ ಖಿಚಡಿ ಇರುತ್ತಿತ್ತು, ಯಾರಿಗೂ ಚಿಂತೆ ಇರಲಿಲ್ಲ. ರಜೆ ಬಂದ ಕೂಡಲೇ ಮಧ್ಯಾಹ್ನದಿಂದ ಸಂಜೆಯ ತನಕ ಏನೂ ಇಲ್ಲ. ಅಷ್ಟು ಸಣ್ಣ ಹೊಟ್ಟೆಗೆ ಅದು ದೊಡ್ಡ ಹೊತ್ತು.

ನನ್ನ ಗಂಜಿ ಒಲೆಯ ಮೇಲೇ ಇತ್ತು. ಭಾಗ್ಯಾಳಿಗೂ ಶರಣುವಿಗೂ ಬಟ್ಟಲಿಗೆ ಹಾಕಿ ಕೊಟ್ಟೆ. ಮರುದಿನ ಇನ್ನಿಬ್ಬರು ಬಂದರು. ಅದರ ಮರುದಿನ ನಾನೇ ದೊಡ್ಡ ಪಾತ್ರೆ ಇಳಿಸಿದೆ. ಓಣಿಯ ನೆರಳಿನಲ್ಲಿ ಹಳೆಯ ಚಾಪೆ ಹಾಸಿ ಸಾಲಾಗಿ ಕೂರಿಸುತ್ತಿದ್ದೆ. ಉಪ್ಪಿನಕಾಯಿ ಎಂದರೆ ಅವುಗಳಿಗೆ ಪ್ರಾಣ, ಮಿಡಿಯನ್ನು ಕೊನೆಯ ತನಕ ಚೀಪುತ್ತಿದ್ದವು. ಮಹಡಿಯ ಮೇಲಿನ ಮಂದಾತಾಯಿ ಬಟ್ಟೆ ಒಣಗಿಸಲು ಬಂದವಳು ಬಗ್ಗಿ ನೋಡಿ ನಗುತ್ತಿದ್ದಳು:

"ಕಾಯ್ ಕಾಕೂ, ಖಾನಾವಳ್ ಉಘಡ್ಲೀ ಕಾ?"

ಖಾನಾವಳಿ ತೆರೆದಿರಾ ಎಂದು ಕೇಳಿದರೆ ನಕ್ಕು ಒಳಗೆ ಹೋಗುತ್ತಿದ್ದೆ. ಆದರೆ ಒಳಗೆ ಹೋಗಿ ಖಾಲಿಯಾದ ಪಾತ್ರೆ ನೋಡಿದರೆ ಎದೆ ತುಂಬುತ್ತಿತ್ತು. ನಿಮ್ಮ ಅಜ್ಜ ಇದ್ದಿದ್ದರೆ ಒಂದು ಮಾತು ಹೇಳುತ್ತಿದ್ದರು ಅನಿಸುತ್ತಿತ್ತು.

ಹೀಗೆ ಒಂದು ವಾರ ಆಗಿರಬೇಕು. ಒಂದು ದಿನ ಗಂಜಿ ಬೆಂದು, ಚಾಪೆ ಹಾಸಿ ಕಾದರೂ ಯಾರೂ ಬರಲಿಲ್ಲ. ಮುಂದಿನ ಗೇಟಿನ ಹತ್ತಿರ ಹೋಗಿ ನೋಡಿದರೆ ಮಕ್ಕಳು ಮರಳಿನ ರಾಶಿಯ ಬಳಿ ಬಿಸಿಲಿನಲ್ಲೇ ಇದ್ದವು. ನಾನು ಕೈ ಮಾಡಿದೆ. ಭಾಗ್ಯಾ ನೋಡಿದಳು, ನೋಡಿಯೂ ಆಚೆ ಮುಖ ಮಾಡಿದಳು. ಅಂದು ಸಂಜೆ ಹಿಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅವಳ ತಾಯಿ ಶಾಂತಮ್ಮ. ಕೆಲಸದಿಂದ ನೇರ ಬಂದಿದ್ದಳು, ತಲೆಯ ಮೇಲಿನ ಸಿಂಬಿಯನ್ನೂ ತೆಗೆದಿರಲಿಲ್ಲ. ಎತ್ತರದ ಹೆಂಗಸು, ಕಣ್ಣಿನಲ್ಲಿ ಕಣ್ಣಿಟ್ಟು ಮಾತಾಡುವವಳು.

"ನೀವೇನ್ರಿ ನಮ್ ಹುಡುಗರಿಗಿ ಗಂಜಿ ಹಾಕಾವ್ರು?"

"ಹೌದು," ಎಂದೆ.

"ಯಾಕ್ರಿ? ನಮ್ ಹುಡುಗರಿಗಿ ಜಡ್ಡಾಗ್ಯಾದೇನು?"

"ಅಯ್ಯೋ, ಕಾಯಿಲೆ ಎಂತದ್ದು ಮಾರಾಯ್ತಿ, ಮಕ್ಕಳು ಚೆಂದ ಉಂಟು."

"ಹಂಗಾದ್ರ ಗಂಜಿ ಯಾಕ? ನಿಮ್ ಮೊಮ್ಮಕ್ಕಳು ಒಳಗ ಮೇಜಿನ ಮ್ಯಾಲ ಕುಂತು ಅನ್ನ ಸಾರು ಉಣ್ತಾವಂತ. ನಮ್ಮವು ಹಿತ್ತಲದಾಗ ನೆಲಕ್ಕ ಕುಂತು ಗಂಜಿ ಕುಡೀತಾವಂತ. ಭಾಗ್ಯಾ ಎಲ್ಲಾ ಹೇಳ್ಯಾಳ. ನಾವು ದುಡಿಲಾಕ ಬಂದೀವ್ರಿ ಇಲ್ಲಿಗಿ. ಬೇಡ್ಲಾಕ ಬಂದಿಲ್ಲ."

ಹೇಳಬೇಕಾದ್ದು ಇಷ್ಟೇ ಇತ್ತು. ಗಂಜಿ ನಮ್ಮ ಕಡೆ ಮನೆಯವರ ಊಟ, ನಾನು ಉಣ್ಣುವುದೇ ಅದನ್ನು, ಮೊಮ್ಮಕ್ಕಳಿಗೆ ಅದು ಸೇರುವುದಿಲ್ಲ ಎಂದೇ ಅವರಿಗೆ ಅನ್ನ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ನಾನು ಏನಾದರೂ ಹೇಳಬಹುದೆಂದು ಅವಳು ಕಾದಳು ಎಂದು ಈಗ ಅನಿಸುತ್ತದೆ. ಆಮೇಲೆ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಟುಹೋದಳು. ಅವಳು ಆ ಶೆಡ್ಡುಗಳ ಹೆಂಗಸರಿಗೆಲ್ಲ ದೊಡ್ಡವಳಿದ್ದಂತೆ. ಅವಳು ಬೇಡ ಎಂದ ಮೇಲೆ ಉಳಿದವರೂ ತಮ್ಮ ಮಕ್ಕಳನ್ನು ಕಳಿಸಲಿಲ್ಲ.

ನಿಮ್ಮ ಅಮ್ಮನಿಗೆ ಹೇಳಿದೆ. ಸುಜಾತಾ ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದಳು:

"ಬಿಟ್ಟುಬಿಡಿ ಅತ್ತೆ. ಮಾಡಲಿಕ್ಕೂ ಮಾಡಿ ಬೈಸಿಕೊಳ್ಳುವುದು ಯಾಕೆ? ಜೂನ್‌ನಲ್ಲಿ ಸ್ಕೂಲ್ ಶುರು ಆಗ್ತದೆ, ಅವರಿಗೆ ಊಟ ಸಿಗ್ತದೆ."

ಜೂನ್ ಬರಲು ಇನ್ನೂ ಎಷ್ಟೋ ದಿನವಿತ್ತು. ಮರುದಿನ ಮಧ್ಯಾಹ್ನ ನನ್ನ ಬಟ್ಟಲು ಮುಂದಿಟ್ಟುಕೊಂಡೆ, ಉಣ್ಣದೆ ಹಾಗೆಯೇ ಮುಚ್ಚಿಟ್ಟೆ. ಕಿಟಕಿಯಿಂದ ನೋಡಿದರೆ ಓಣಿಯ ನೆರಳು ಖಾಲಿ. ಹಾಲಿನ ಕಿಟಕಿಗೆ ಬಂದು ನೋಡಿದರೆ ರಸ್ತೆಯ ಆಚೆ ಮರಳಿನ ರಾಶಿಯ ಪಕ್ಕ ಒಂದು ಸಿಮೆಂಟ್ ಚೀಲವನ್ನು ತಲೆಯ ಮೇಲೆ ಹಿಡಿದು ಭಾಗ್ಯಾ ಶರಣುವನ್ನು ಮಲಗಿಸುತ್ತಿದ್ದಳು. ನನ್ನ ಮನೆಯ ನೆರಳಿಗೂ ಬರಬಾರದು ಎಂದು ಆಗಿತ್ತು. ಊಟ ಹೋಗಲಿ, ನೆರಳೂ ಹೋಯಿತಲ್ಲ ಎಂದು ನನಗೆ ತಡೆಯಲಾಗಲಿಲ್ಲ. ನನ್ನ ಒಂದು ಬಟ್ಟಲು ಗಂಜಿಯಿಂದ ಆ ಮಕ್ಕಳಿಗೆ ಮೊದಲಿಗಿಂತ ಕಷ್ಟವಾಯಿತು. ಇದನ್ನು ಸರಿ ಮಾಡಬೇಕಾದವಳು ನಾನೇ. ನಿಮ್ಮ ಅಪ್ಪನನ್ನು ಕಳಿಸಿದರೆ ಆಗುವ ಮಾತಲ್ಲ ಇದು.

ಭಾನುವಾರ ಅವರಿಗೆ ಅರ್ಧ ದಿನದ ಕೆಲಸ. ಮಧ್ಯಾಹ್ನ ಸೀರೆ ಬದಲಾಯಿಸಿಕೊಂಡು ಹೊರಟೆ. ಅನ್ವಿತಾ, ನೀನು ನನ್ನ ಕೈ ಹಿಡಿದು ಬಂದಿದ್ದಿ. ರಸ್ತೆ ದಾಟುವಾಗ ನಿನ್ನ ಕೈ ಹಿಡಿದದ್ದು ನಿನಗಾಗಿ ಎಂದು ನೀನು ತಿಳಿದಿರಬಹುದು, ಅದು ನನಗಾಗಿ. ಎದುರಿನ ಜಾಗದೊಳಗೆ ನಾನು ಅಂದಿನ ತನಕ ಕಾಲಿಟ್ಟಿರಲಿಲ್ಲ. ಶೆಡ್ಡುಗಳ ಮುಂದೆ ಹೆಂಗಸರು ಕುಳಿತಿದ್ದರು, ಒಬ್ಬಳು ಇನ್ನೊಬ್ಬಳ ತಲೆ ಬಾಚುತ್ತಿದ್ದಳು. ಶಾಂತಮ್ಮ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ವಾರದ ಉಳಿದ ದಿನ ಅವರಿಗೆ ರೊಟ್ಟಿಗೆ ಹೊತ್ತು ಸಿಗುತ್ತಿರಲಿಲ್ಲ, ಭಾನುವಾರ ಮಾತ್ರ. ಎಲ್ಲರೂ ನನ್ನತ್ತ ತಿರುಗಿದರು. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಲ್ಲಲಿಲ್ಲ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ:

"ನಾನು ದಿನಾ ಮಧ್ಯಾಹ್ನ ಉಣ್ಣುವುದು ಅದೇ ಗಂಜಿ. ಮಕ್ಕಳಿಗೆ ಬೇರೆ ಮಾಡಿದ್ದಲ್ಲ. ನನ್ನ ಪಾತ್ರೆಯದ್ದೇ ಹಾಕಿದ್ದು."

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ತಲೆ ಬಾಚುತ್ತಿದ್ದವಳು ಬಾಚಣಿಗೆ ನಿಲ್ಲಿಸಿ,

"ಯವ್ವಾ, ಬಿಲ್ಡಿಂಗ್‌ನ್ಯಾಗ ಇದ್ದು ಗಂಜಿ ಕುಡೀತಾರಂತ," ಎಂದಳು.

"ಹಲ್ಲಿರಲಿಕ್ಕಿಲ್ಲ ಬಿಡು," ಎಂದಳು ಇನ್ನೊಬ್ಬಳು.

"ಹಲ್ಲು ಪೂರಾ ಉಂಟು," ಎಂದು ನಾನು ಬಾಯಿ ತೆರೆದು ತೋರಿಸಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ನೀನೂ ನಕ್ಕೆ ಅನ್ವಿತಾ. ಶಾಂತಮ್ಮ ನಗಲಿಲ್ಲ, ಆದರೆ ಕೈ ನಿಲ್ಲಿಸಿದಳು.

"ಕುಂದರ್ರಿ," ಎಂದಳು.

ಕುಳಿತೆ. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ನನ್ನ ಕಡೆ ನೋಡದೆ, ಅವಳು ಹೇಳಿದಳು:

"ನಾ ಸಣ್ಣಾಕಿ ಇದ್ದಾಗ ಭೀಮಾ ಹೊಳಿ ನಮ್ಮೂರಾಗ ಬಂತ್ರಿ. ಮನಿ ಮಠ ಎಲ್ಲಾ ನೀರಾಗ. ಊರ ಮುಂದಿನ ಸಾಲ್ಯಾಗ ಗಂಜಿ ಕೇಂದ್ರ ತೆಗೆದಿದ್ರು. ನಮ್ಮವ್ವ ಮಾರಿ ಮ್ಯಾಲ ಸೆರಗು ಹಾಕ್ಕೊಂಡು ತಾಟ ಹಿಡ್ಕೊಂಡು ನಿಂತಾಳ. ಗಂಜಿ ಹಾಕಾವ ಆಕಿ ಮಾರಿ ಸುದ್ದಾ ನೋಡಲಿಲ್ಲ, ಹಾಕ್ದ, ಮುಂದ ನಡಿ ಅಂದ. ಬಂದು ನಮಗ ಉಣಸಿದ್ಳು, ತಾ ಉಣ್ಣಲಿಲ್ಲ. ಹುಡುಗರು ಗಂಜಿ ಅಂದ ಕೂಡ್ಲೆ ನನಗ ಅದೇ ಕಣ್ಣಮುಂದ ಬಂತು. ನನ್ ಮಕ್ಕಳಿಗಿ ಅದು ಬ್ಯಾಡ ಅಂದೆ. ಅಷ್ಟ."

ನನಗೆ ಆಗ ತಿಳಿಯಿತು. ನಮ್ಮಮ್ಮನ ಗಂಜಿಯೂ ಅವಳಮ್ಮನ ಗಂಜಿಯೂ ಒಂದೇ ಅಕ್ಕಿ ನೀರಿನದ್ದು, ಆದರೆ ಒಂದು ಅಲ್ಲ. ತಲೆಯಾಡಿಸಿದೆ. ನಾಳೆಯಿಂದ ಗಂಜಿ ಮಾಡುವುದಿಲ್ಲ, ನನ್ನ ಮೊಮ್ಮಕ್ಕಳಿಗೆ ಮಾಡಿದ್ದನ್ನೇ ಮಾಡುತ್ತೇನೆ, ಮಕ್ಕಳನ್ನು ಕಳಿಸು ಎಂದೆ. ಅವಳು ಥಟ್ಟನೆ ಹೂಂ ಎನ್ನಲಿಲ್ಲ. ಒಂದು ತಾಟಿನಲ್ಲಿ ಬಿಸಿ ರೊಟ್ಟಿ ಇಟ್ಟು, ಪುಂಡಿಪಲ್ಯ ಹಾಕಿ, ಮೇಲೆ ಶೇಂಗಾ ಹಿಂಡಿ ಉದುರಿಸಿ ನನ್ನ ಮುಂದಿಟ್ಟಳು.

"ಮೊದಲ ನೀವು ನಮ್ಮನ್ಯಾಗ ಉಣ್ರಿ. ಬರೇ ನೀವೇ ಹಾಕಿದ್ರ ಅದು ಧರ್ಮದ ಊಟ ಆಗ್ತದ. ನೀವು ನಮ್ಮಲ್ಲಿ ಉಂಡ್ರ ನಮ್ ಹುಡುಗರು ನಿಮ್ಮಲ್ಲಿ ಉಣ್ತಾರ. ನಮ್ಮ ಕಡಿ ಹಂಗೇ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಇನ್ನೊಬ್ಬರ ಮನೆಯಲ್ಲಿ ನಾನು ಒಂದು ತುತ್ತು ಉಂಡದ್ದಿಲ್ಲ ಎಂದು ಹೇಳಿದೆನಲ್ಲ. ಸುತ್ತಲೂ ಜನ, ತಗಡಿನ ಕಾವು, ಸೆರಗಿನ ಒಳಗೆ ಬೆವರು ಇಳಿಯುತ್ತಿತ್ತು. ಎದ್ದು ಹೋದರೆ ಆ ಮಕ್ಕಳ ಮಧ್ಯಾಹ್ನ ಹೋಯಿತು. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟೆ. ಹುಳಿಯೆಂದರೆ ಹುಳಿ, ಖಾರವೆಂದರೆ ಖಾರ. ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದೇನೆ ಎಂದು ಅವರು ತಿಳಿಯದಿರಲಿ ಎಂದು ನಕ್ಕೆ. ನೀನು "ಪಾನೀ, ಪಾನೀ" ಎಂದು ಕುಣಿಯುತ್ತಿದ್ದಿ, ಆದರೆ ಶಾಂತಮ್ಮ ನಿನ್ನ ಕೈಗೆ ಕೊಟ್ಟ ರೊಟ್ಟಿ ಬಿಡಲಿಲ್ಲ. ನಾನು ಒಂದು ರೊಟ್ಟಿ ಮುಗಿಸಿದೆ. ಶಾಂತಮ್ಮ ಕೇಳದೆ ಇನ್ನೊಂದು ಇಟ್ಟಳು. ಅದನ್ನೂ ಮುಗಿಸಿದೆ. ಹಸಿದು ಉಂಡೆ ಎಂದು ಈಗ ನೆನೆದರೆ ಗೊತ್ತಾಗುತ್ತದೆ, ಹಿಂದಿನ ದಿನಗಳಲ್ಲಿ ನನ್ನ ಹೊಟ್ಟೆಗೂ ಸರಿಯಾಗಿ ಏನೂ ಬಿದ್ದಿರಲಿಲ್ಲ.

ಹೊರಡುವ ಮೊದಲು ಶಾಂತಮ್ಮನೇ ಮಾತು ಕಟ್ಟಿದಳು. ಭಾನುವಾರ ಹೆಂಗಸರೆಲ್ಲ ಕೂಡಿ ಖಡಕ್ ರೊಟ್ಟಿ ಬಡಿದಿಡುತ್ತಾರೆ, ಅದು ವಾರದ ತನಕ ಕೆಡುವುದಿಲ್ಲ. ರೊಟ್ಟಿ ಅವರದ್ದು. ಪಲ್ಯ, ಸಾರು ನಮ್ಮದು. ಕೊನೆಗೆ ಒಂದು ಮಾತು ಸೇರಿಸಿದಳು:

"ಎಲ್ಲಾರೂ ಒಂದೇ ಕಡಿ ಕುಂತು ಉಣ್ಬೇಕು. ನೀವು ಸುದ್ದಾ."

ಮನೆಗೆ ಬಂದು ಸುಜಾತಾಳಿಗೆ ಎಲ್ಲ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕುಳಿತಳು. "ನೀವು? ಅಲ್ಲಿ ಕೂತು ಉಂಡ್ರಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಅಟ್ಟದ ಮೇಲಿನಿಂದ ಗಣಪತಿ ಹಬ್ಬದ ದೊಡ್ಡ ಕುಕ್ಕರ್ ಇಳಿಸಿ, ಮರುದಿನ ಆಫೀಸಿಗೆ ಹೋಗುವ ಮೊದಲೇ ಬೇಳೆ ತೊಳೆದಿಟ್ಟು ಹೋದಳು. ನಿಮ್ಮ ಅಮ್ಮ ಮಾತು ಕಡಿಮೆ ಆಡಿದ್ದು ಅದೊಂದೇ ದಿನ.

ಸೋಮವಾರ ಮಕ್ಕಳು ಹಿಂಬಾಗಿಲಿಗೆ ಬಂದರು. ಭಾಗ್ಯಾಳ ತಲೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು, ಸೊಂಟದ ಮೇಲೆ ಶರಣು. ನಾನು ಅಭ್ಯಾಸದಂತೆ ಓಣಿಯಲ್ಲಿ ಚಾಪೆ ಹಾಸಿದ್ದೆ. ಅವಳು ಅದನ್ನು ನೋಡಿದಳು, ಅಡುಗೆಮನೆಯ ಆಚೆ ಹಾಲಿನಲ್ಲಿ ಮೇಜಿನ ಮುಂದೆ ಕಾರ್ಟೂನ್ ನೋಡುತ್ತ ಕುಳಿತಿದ್ದ ನಿಶಾಂತನನ್ನೂ ನೋಡಿದಳು, ಗಂಟು ಇಳಿಸಲಿಲ್ಲ.

"ಅವ್ವ ಹೇಳ್ಯಾಳ, ಎಲ್ಲಾರೂ ಒಂದೇ ಕಡಿ."

ನಾನು ಚಾಪೆಯನ್ನು ಸುತ್ತಿ ಒಳಗೆ ತಂದೆ. ಮೇಜನ್ನು ಗೋಡೆಗೆ ಸರಿಸಿ ಹಾಲಿನಲ್ಲಿ ಹಾಸಿದರೆ ಚಾಪೆ ಸಾಲಲಿಲ್ಲ. ಅನ್ವಿತಾ ನನ್ನ ಹಾಸಿಗೆಯ ಬೆಡ್‌ಶೀಟನ್ನೇ ಎಳೆದು ತಂದಳು. ನಿಶಾಂತ ಕುರ್ಚಿಯಿಂದ ಇಳಿಯಲು ತಯಾರಿಲ್ಲ. ಟೀವಿ ಆರಿಸಿದೆ. ಅವನು ಅಳತೊಡಗಿದ. ಶರಣು ತೆವಳಿಕೊಂಡು ಹೋಗಿ ಅವನ ಕಾಲಿನ ಬೆರಳು ಹಿಡಿದು ಎಳೆದ. ನಿಶಾಂತ ಅಳು ನಿಲ್ಲಿಸಿ ಕೆಳಗೆ ನೋಡಿದ, ಆಮೇಲೆ ತಾನಾಗಿಯೇ ಇಳಿದು ಅವನ ಪಕ್ಕ ಕುಳಿತ. ನಾನು ಬೇಳೆ ಸಾರು, ಬದನೆಕಾಯಿ ಪಲ್ಯ ಬಡಿಸಿದೆ. ಭಾಗ್ಯಾ ರೊಟ್ಟಿ ಹಂಚಿದಳು. ನಿಶಾಂತನಿಗೂ ಒಂದು ಇಟ್ಟಳು, ಅದು ಹಪ್ಪಳ ಎಂದು ತಿಳಿದು ಅವನು ಖುಷಿಪಟ್ಟ. ಎಲ್ಲಾ ಬಡಿಸಿಯಾಯಿತು. ಯಾರೂ ಕೈ ಹಾಕಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದವು.

"ಉಣ್ಣಿ ಮಕ್ಕಳೇ, ತಣಿದು ಹೋಗ್ತದೆ."

"ನೀವ್ ಎಲ್ಲಿ ಕುಂದರ್ತೀರಿ ಅಜ್ಜೀ?"

"ನಾನು ಆಮೇಲೆ ಉಣ್ತೇನೆ."

"ಆಮ್ಯಾಲ ಅಂದ್ರ ನಾವೂ ಆಮ್ಯಾಲ," ಎಂದಳು ಭಾಗ್ಯಾ. ತಾಯಿಯದ್ದೇ ಗತ್ತು.

ಶರಣು ತಾಟಿನ ಕಡೆಗೆ ಕೈ ಚಾಚಿದರೆ ಅವಳು ಮೆಲ್ಲಗೆ ಹಿಂದಕ್ಕೆ ಎಳೆದಳು. ಎಲ್ಲರೂ ಹಸಿದಿದ್ದರು, ರೊಟ್ಟಿಯ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ. ಆದರೂ ಒಬ್ಬರೂ ಮುಟ್ಟಲಿಲ್ಲ. ನಾನು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ನನ್ನ ತಟ್ಟೆ ತಂದೆ. ಅಡುಗೆಮನೆಯ ಮಣೆಯನ್ನು ಅಲ್ಲಿಯೇ ಬಿಟ್ಟು ಬಂದೆ. ಸಾಲಿನಲ್ಲಿ ಭಾಗ್ಯಾ ಸ್ವಲ್ಪ ಸರಿದು ಜಾಗ ಮಾಡಿದಳು. ಮಂಡಿ ನೋಯುತ್ತಿದ್ದರೂ ಕಾಲು ಮಡಚಿ ಕುಳಿತೆ. ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ಅನ್ವಿತಾ. ನಾನು ಮೊದಲ ತುತ್ತು ಎತ್ತಿದ ಕೂಡಲೇ ಆ ಹಾಲಿನಲ್ಲಿ ಖಡಕ್ ರೊಟ್ಟಿ ಮುರಿಯುವ ಸದ್ದು ಎದ್ದಿತಲ್ಲ, ಅಂಥ ಸದ್ದನ್ನು ನನ್ನ ಮನೆಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಆ ಬೇಸಿಗೆ ಮುಗಿದು ಶಾಲೆ ತೆರೆಯುವ ತನಕ ಆ ಸಾಲು ಒಂದು ದಿನವೂ ತಪ್ಪಲಿಲ್ಲ. ಆಮೇಲೆ ದೀಪಾವಳಿ ರಜೆಗೂ ಹಾಸಿದೆವು. ಟವರಿನ ಕೆಲಸ ಮುಗಿದು ಅವರೆಲ್ಲ ಪನ್ವೇಲ್ ಕಡೆಗೆ ಹೋದ ಮೇಲೆ ಬೇರೆ ಶೆಡ್ಡುಗಳ ಮಕ್ಕಳು ಬಂದವು, ಅವುಗಳಿಗೂ ಹಾಸಿದೆವು. ಅಕ್ಕಪಕ್ಕದವರು ನನ್ನ ಬಗ್ಗೆ ಒಳ್ಳೆಯದಾಗಿ ಮಾತಾಡತೊಡಗಿದರು, ಅದೆಲ್ಲ ನನಗೆ ಕೇಳಲು ನಾಚಿಕೆ. ಆದರೆ ಆ ಮೊದಲ ದಿನದ ಸಂಜೆಯದ್ದನ್ನು ಹೇಳದೆ ಇರಲಾರೆ.

ಕೆಲಸ ಬಿಟ್ಟು ಬಂದ ಶಾಂತಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತಳು. ಮೊಣಕೈ ತನಕ ಸಿಮೆಂಟು ಒಣಗಿತ್ತು. ಭಾಗ್ಯಾ, ಶರಣು ಇನ್ನೂ ನಮ್ಮಲ್ಲೇ ಇದ್ದರು, ಭಾಗ್ಯಾ ನಿಮ್ಮ ಜೊತೆ ಕೇರಂ ಆಡುತ್ತಿದ್ದಳು. ಅವಳು ಮಗಳನ್ನು ಕರೆದು ನನ್ನ ಎದುರಿಗೇ ವಿಚಾರಿಸಿದಳು:

"ಉಂಡ್ರೇನು?"

"ಉಂಡ್ವಿ ಯವ್ವಾ."

"ಎಲ್ಲಿ ಕುಂತಿದ್ರಿ?"

"ಟೀವಿ ಮುಂದ. ಅಜ್ಜಿ ಸುದ್ದಾ ನನ್ ಬಾಜೂಕ ಕುಂತಿದ್ಳು. ಎಲ್ಲಾದ್ರಾಗೂ ಟೆಂಗಿನಕಾಯಿ ಹಾಕ್ಯಾಳ."

ನಾನು ನೀರಿನ ಚೊಂಬು ತಂದು ಶಾಂತಮ್ಮನ ಪಕ್ಕ ಇಟ್ಟೆ. ಅವಳು ಎತ್ತಿ ಗಟಗಟ ಕುಡಿದು, ಉಳಿದ ನೀರಿನಿಂದ ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸುತ್ತ ಕೇಳಿದಳು:

"ನಾಳಿಗಿ ಏನ್ ಪಲ್ಯ ಮಾಡ್ತೀರಿ?"

"ಹೆಸರುಕಾಳು ನೆನೆಹಾಕಿದ್ದೇನೆ."

"ಹೂಂ. ಕಾಯಿ ಕಡಿಮಿ ಹಾಕ್ರಿ. ಹುಡುಗರಿಗಿ ಬಾಯಿಗಿ ಹತ್ತಲ್ಲ," ಎಂದು ಹೇಳಿ, ಮಗನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಹೊರಟಳು.

ಮರುದಿನ ಕಾಯಿ ಕಡಿಮೆ ಹಾಕಿದೆ.